ಹುಬ್ಬೆ ಮಳೆಗೆ ನೆಟ್ಟ ಗಿಡ, ಬದುಕಿದ್ದಕ್ಕೆ ಬಂದ ದುಡ್ಡು

ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯ ಮೂರನೇ ಕಂತೂ ಖಾತೆಗೆ ಬಂತು. ಶಿರಾ ಸೀಮೆಯ ಕೆಂಪು ಮಣ್ಣು, ನಾಲ್ಕು ಎಕರೆ, ಬೋರ್ ಇಲ್ಲ. ನೆಟ್ಟಿದ್ದು ಆರುನೂರು ಚಿಲ್ಲರೆ ಗಿಡ. ಇವತ್ತು ನಿಂತಿರುವುದು ನಾಲ್ಕೂವರೆ ನೂರಕ್ಕೆ ಹತ್ತಿರ. "ಇದು ಶೇಂಗಾ ಹೊಲ ಕಣಯ್ಯ, ಇಲ್ಲಿ ಮರ ಏಳಲ್ಲ" ಅಂದವರೇ ಈಗ ಬಂದು ಗುಂಡಿಯ ಅಳತೆ ಕೇಳುತ್ತಿದ್ದಾರೆ. ಅದಕ್ಕೇ ಬರೆಯೋಣ ಅನ್ನಿಸಿತು.

ರೈತರು ತಮ್ಮ ಹೊಲದಲ್ಲಿ ಮರ ಬೆಳೆಸಲಿ ಅಂತ ಅರಣ್ಯ ಇಲಾಖೆ ತಂದ ಯೋಜನೆ ಇದು. 2011ರಿಂದ ನಡೆಯುತ್ತಿದೆ. ಇಲಾಖೆಯ ನರ್ಸರಿಯಿಂದ ಕಡಿಮೆ ಬೆಲೆಗೆ ಸಸಿ ತರಬೇಕು, ಹೆಕ್ಟೇರಿಗೆ 400ರವರೆಗೆ. ನನಗೆ ಸಿಕ್ಕ ದರ ಗಿಡಕ್ಕೆ ಮೊದಲ ವರ್ಷ 35, ಎರಡನೇ ವರ್ಷ 40, ಮೂರನೇ ವರ್ಷ 50, ಒಟ್ಟು 125 ರೂಪಾಯಿ. ದುಡ್ಡು ನೆಟ್ಟಿದ್ದಕ್ಕಲ್ಲ, ಬದುಕಿದ್ದಕ್ಕೆ. ಇಡೀ ಯೋಜನೆಯಲ್ಲಿ ನನಗೆ ಇಷ್ಟವಾಗಿದ್ದು ಈ ಒಂದು ಮಾತು. ನೆಟ್ಟಿದ್ದಕ್ಕೇ ದುಡ್ಡು ಕೊಟ್ಟಿದ್ದರೆ ಮಾರ್ಚ್ ಹೊತ್ತಿಗೆ ಗುಂಡಿ ಮಾತ್ರ ಉಳಿಯುತ್ತಿತ್ತು, ಅಲ್ವಾ?

ಮೊದಲ ಸಲ, 2016ರಲ್ಲಿ, ಎಲ್ಲರ ಹಾಗೆ ಮೃಗಶಿರಾ ಮಳೆಗೆ ನೆಟ್ಟಿದ್ದೆ. ಸಸಿ ಕೊಡುವುದೇ ಆಗ. ಆದರೆ ನಮ್ಮ ಕಡೆ ಜೂನ್ ಮಳೆ ಮೋಡ ತೋರಿಸಿ ಹೋಗುವ ಮಳೆ. ಜುಲೈ ಪೂರ್ತಿ ಬರೀ ಗಾಳಿ. ಆಶ್ಲೇಷ ಬರುವಷ್ಟರಲ್ಲಿ ಸಸಿ ಸುಟ್ಟಿರುತ್ತದೆ. ಆ ವರ್ಷ ಬರವೂ ಸೇರಿತು. ಮುನ್ನೂರು ಗಿಡದಲ್ಲಿ ನೂರೂ ಉಳಿಯಲಿಲ್ಲ. ಬಂದ ಪ್ರೋತ್ಸಾಹಧನ ಗುಂಡಿ ತೆಗೆದ ಕೂಲಿಗೂ ಸಾಲಲಿಲ್ಲ.

ಒಣಗಿದ ಗಿಡಗಳನ್ನು ಸುಮ್ನೆ ಬಿಡಲಿಲ್ಲ, ಕಿತ್ತು ನೋಡಿದೆ. ಮುಕ್ಕಾಲು ಪಾಲು ಗಿಡಗಳ ತಾಯಿಬೇರು ನರ್ಸರಿ ಚೀಲದ ತಳದಲ್ಲಿ ಸುತ್ತಿಕೊಂಡಿದ್ದು ಹಾಗೇ ಇತ್ತು. ಒಂದು ಗೇಣೂ ಕೆಳಗೆ ಇಳಿದಿರಲಿಲ್ಲ. ಮೇಲೆ ನೀರಿಲ್ಲ, ಕೆಳಗೆ ಬೇರಿಲ್ಲ. ಇನ್ನೇನು ಬದುಕುತ್ತದೆ?

2021ರಲ್ಲಿ ಎರಡು ಬದಲಾವಣೆ ಮಾಡಿದೆ. ಜೂನ್‌ನಲ್ಲೇ ಸಸಿ ತಂದೆ, ಆದರೆ ನೆಡಲಿಲ್ಲ. ಮನೆ ಹಿಂದೆ ಹೊಂಗೆ ನೆರಳಲ್ಲಿ ಜೋಡಿಸಿ, ನೀರು ನಿಧಾನಕ್ಕೆ ಕಡಿಮೆ ಮಾಡುತ್ತಾ, ಆಮೇಲೆ ಬಿಸಿಲಿಗೆ ತಂದು ಗಟ್ಟಿ ಮಾಡಿದೆ. ನೆಟ್ಟಿದ್ದು ಹುಬ್ಬೆ ಮಳೆಗೆ, ಅಂದರೆ ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲಿಗೆ. ಹಿಂದೆಯೇ ಉತ್ತರೆ, ಹಸ್ತ, ಚಿತ್ತೆ. ನಮ್ಮ ನಿಜವಾದ ಮಳೆಗಾಲ ಅದೇ. ಊರಲ್ಲಿ ನಕ್ಕರು. ನರ್ಸರಿಯಲ್ಲೂ "ತಡ ಆಯ್ತು, ಬೇಸಿಗೆ ತಡೆಯಲ್ಲ" ಅಂದರು. ಎರಡನೆಯದು, ನೆಡುವಾಗ ಪ್ರತಿ ಚೀಲದ ತಳವನ್ನು ಎರಡು ಬೆರಳಿನಷ್ಟು, ಒಳಗಿನ ಮಣ್ಣು ಬೇರಿನ ಸಮೇತ, ಬ್ಲೇಡಿನಿಂದ ಕತ್ತರಿಸಿ ಎಸೆದೆ. ಕೂಲಿಗೆ ಬಂದವರಿಗೆ ಸಂಕಟವಾಯಿತು, "ಬೇರು ಕತ್ತರಿಸ್ತೀರಲ್ಲ ಸ್ವಾಮಿ" ಅಂತ. ಹಾಗೆ ಕತ್ತರಿಸಿದ ಬೇರೇ ಹೊಸದಾಗಿ ಚಿಗುರಿ ನೇರ ಕೆಳಗಿಳಿಯಿತು.

ಗುಂಡಿ ಎರಡಡಿ, ಟ್ರ್ಯಾಕ್ಟರ್ ಡ್ರಿಲ್ಲಿನದು. ಡ್ರಿಲ್ ಹೊಡೆದ ಗೋಡೆ ಗಾಜಿನಂತೆ ನುಣ್ಣಗಾಗಿರುತ್ತದೆ. ಹಾರೆಯಿಂದ ನಾಲ್ಕು ಕಡೆ ಒಡೆಯದೆ ನೆಡಬೇಡಿ. ಇಳಿಜಾರಿನ ಕೆಳಗಡೆ ಅರ್ಧಚಂದ್ರದ ಬದು. ಬುಡಕ್ಕೆ ಸೊಪ್ಪು ಸದೆ ಹಾಕಿದರೆ ನಮ್ಮಲ್ಲಿ ಗೆದ್ದಲಿಗೆ ಊಟ ಹಾಕಿದ ಹಾಗೆ. ನಾನು ಹಾಕಿದ್ದು ಕಲ್ಲು. ಹೊಲದಲ್ಲೇ ಸಿಗುವ ಚಪ್ಪಟೆ ಕಲ್ಲುಗಳನ್ನು ಬುಡದ ಸುತ್ತ ಹಾಸಿದೆ. ಏಪ್ರಿಲ್ ಮಧ್ಯಾಹ್ನ ಒಂದು ಕಲ್ಲೆತ್ತಿ ನೋಡಿದರೆ ಅಡಿಯ ಮಣ್ಣು ಕೈಗೆ ತಣ್ಣಗೆ ಅಂಟುತ್ತಿತ್ತು. ಪಕ್ಕದ ಬಯಲು ಮಣ್ಣು ಹುಡಿಹುಡಿ. ಗೆದ್ದಲಿಗೆ ಬೇವಿನ ಹಿಂಡಿ ಜೊತೆ ಇನ್ನೊಂದು ಸೇರಿಸುತ್ತೇನೆ. ಅದು ಏನು, ಎಷ್ಟು ಅಂತ ಇಲ್ಲಿ ಬರೆಯುವುದಿಲ್ಲ. ಹೊಲಕ್ಕೆ ಬಂದರೆ ತೋರಿಸುತ್ತೇನೆ.

ಈಗ ದುಡ್ಡಿನ ಮಾತು. ಎಲ್ಲ ಅಂದಾಜು, ನೆನಪಿನಿಂದ ಹೇಳುತ್ತಿದ್ದೇನೆ. ಡ್ರಿಲ್ಲಿಗೆ ಹನ್ನೆರಡು ಸಾವಿರ, ಕೊಟ್ಟಿಗೆ ಗೊಬ್ಬರ ಮತ್ತು ನೆಡುವ ಕೂಲಿ ಸೇರಿ ಹದಿನೈದರ ಹತ್ತಿರ. ಸಸಿಯ ಬೆಲೆ ಲೆಕ್ಕಕ್ಕೇ ಇಲ್ಲ. ದೊಡ್ಡ ಖರ್ಚು ನೀರು. ಗಿಡಕ್ಕೆ ಎಂಟು ಲೀಟರ್ ಅಂದರೆ ಒಂದು ಸುತ್ತಿಗೆ ಒಂದು ಟ್ಯಾಂಕರ್. ಜನವರಿಯಿಂದ ಮೇವರೆಗೆ ಹದಿನೈದು ದಿನಕ್ಕೊಂದು ಸುತ್ತು. ಟ್ಯಾಂಕರ್ರು, ಇಬ್ಬರು ಆಳು ಸೇರಿ ಬೇಸಿಗೆಗೆ ಹದಿನಾರು ಸಾವಿರ. ಎರಡು ಬೇಸಿಗೆ ಹಾಕಿದೆ. ಒಟ್ಟು ಅರವತ್ತು ಸಾವಿರದ ಆಸುಪಾಸು ಹೋಯಿತು. ಪ್ರೋತ್ಸಾಹಧನ ಮೂರು ಕಂತು ಸೇರಿ ಐವತ್ತೇಳೋ ಐವತ್ತೆಂಟೋ ಸಾವಿರ ಬಂತು. ಅಂದರೆ ಸರ್ಕಾರದ ದುಡ್ಡು ಲಾಭ ಅಲ್ಲ, ಅದು ನೀರಿನ ದುಡ್ಡು. ಹಾಗೆ ಲೆಕ್ಕ ಹಾಕಿದವನು ಗೆಲ್ಲುತ್ತಾನೆ. ಕಂತು ತಡವಾಗಿ ಬರುತ್ತದೆ, ಆದ್ದರಿಂದ ಮೊದಲ ಬೇಸಿಗೆಯ ದುಡ್ಡು ಕೈಯಲ್ಲಿ ಇಟ್ಟುಕೊಂಡೇ ಗುಂಡಿ ತೆಗೆಯಿರಿ. ಮೂರನೇ ಬೇಸಿಗೆ, ಅಂದರೆ 2023ರ ಬರದ ಮರುವರ್ಷ, ನಾನು ಒಂದು ಹನಿ ನೀರೂ ಹಾಕಲಿಲ್ಲ. ಸತ್ತಿದ್ದು ಹತ್ತೋ ಹದಿನೈದೋ ಅಷ್ಟೇ.

ಬದುಕಿದ ಗಿಡ ಎಣಿಸಲು ಇಲಾಖೆಯವರು ಬರುವ ದಿನದ ಬಗ್ಗೆ ಒಂದು ಮಾತು. ಹೆಬ್ಬೇವು ಚಳಿ ಮುಗಿಯುವಾಗ ಎಲೆ ಉದುರಿಸಿ ಬರೀ ಕೋಲಾಗುತ್ತದೆ. ಎಣಿಸಲು ಬಂದವರು ಒಣಗಿದೆ ಅಂತ ಬಿಟ್ಟುಬಿಡುತ್ತಾರೆ. ನಾನು ಒಂದೊಂದಕ್ಕೂ ತೊಗಟೆಯನ್ನು ಉಗುರಿನಿಂದ ಕೆರೆದು, ಒಳಗಿನ ಹಸಿರು ತೋರಿಸಿ ಲೆಕ್ಕಕ್ಕೆ ಸೇರಿಸಿದೆ. ನೀವು ಎಲೆ ಇರುವಾಗಲೇ ಎಣಿಸಲು ಕೇಳಿಕೊಳ್ಳಿ.

ಹೆಬ್ಬೇವು, ಶ್ರೀಗಂಧ, ನೇರಳೆ, ಹೊಂಗೆ, ನೆಲ್ಲಿ ಬೆರೆಸಿ ನೆಟ್ಟಿದ್ದೇನೆ. ಗಂಧದ ಬೇರಿಗೆ ಪಕ್ಕದ ಗಿಡದ ಬೇರು ಬೇಕೇ ಬೇಕು. ಮೊದಲ ಎರಡು ವರ್ಷ ಬುಡದಲ್ಲೇ ತೊಗರಿ ಇಟ್ಟೆ, ಕಾಯಿಯೂ ಸಿಕ್ಕಿತು. ಆಮೇಲೆ ಪಕ್ಕದ ಸಾಲಿನ ಮರಗಳೇ ಅದಕ್ಕೆ ಆಸರೆ. "ಮರ ನೆಟ್ಟರೆ ಜಮೀನು ಅರಣ್ಯ ಇಲಾಖೆಗೆ ಹೋಗುತ್ತೆ" ಅಂತ ಹೆದರಿಸುವವರು ಈಗಲೂ ಇದ್ದಾರೆ. ಹೋಗುವುದಿಲ್ಲ. 2001ರ ತಿದ್ದುಪಡಿಯ ನಂತರ ನಮ್ಮ ಹೊಲದ ಗಂಧದ ಮರ ಕೂಡ ನಮ್ಮದೇ. ಕಡಿಯುವುದಕ್ಕೆ ಅನುಮತಿ ಬೇಕು, ಆದ್ದರಿಂದ ಪಹಣಿಯಲ್ಲಿ ಮರ ಬರೆಸಿಡಿ.

ಬದುವಿನ ಮೇಲೆ ಇನ್ನೊಂದು ಪ್ರಯೋಗ ಮಾಡಿದೆ. ಹುಣಸೆ ಬೀಜ, ಹೊಂಗೆ ಬೀಜ ನೇರ ಊರಿದೆ. ಮೊದಲ ವರ್ಷ ಗೇಣುದ್ದವೂ ಬರಲಿಲ್ಲ. ಈಗ ಅದೇ ವಯಸ್ಸಿನ ನರ್ಸರಿ ಗಿಡಕ್ಕಿಂತ ಗಟ್ಟಿಯಾಗಿವೆ, ಒಂದು ಲೋಟ ನೀರೂ ಕೇಳಿಲ್ಲ. ಆದರೆ ಇಲಾಖೆಯ ಸಸಿ ಅಲ್ಲವಲ್ಲ, ಅವಕ್ಕೆ ಒಂದು ಪೈಸೆ ಇಲ್ಲ. ಈ ನಿಯಮ ಬದಲಾಗಬೇಕು ಅಂತ ಅರ್ಜಿ ಕೊಟ್ಟಿದ್ದೇನೆ.

ಕಾರ್ಬನ್ ಕ್ರೆಡಿಟ್, ಅಂದರೆ ಮರ ಗಾಳಿಯಿಂದ ಹೀರಿದ ಇಂಗಾಲಕ್ಕೆ ಟನ್ ಲೆಕ್ಕದಲ್ಲಿ ದುಡ್ಡು, ಅಂತ ಒಬ್ಬರು ಏಜೆಂಟ್ ಬಂದಿದ್ದರು. ಒಣ ಮರದ ತೂಕದಲ್ಲಿ ಸುಮಾರು ಅರ್ಧ ಇಂಗಾಲ. ಒಂದು ಕಿಲೋ ಇಂಗಾಲ ಅಂದರೆ ಗಾಳಿಯಿಂದ ತೆಗೆದ 3.67 ಕಿಲೋ ಕಾರ್ಬನ್ ಡೈ ಆಕ್ಸೈಡ್. ನೂರು ಕಿಲೋ ಒಣತೂಕದ ಮರ ಹಿಡಿದಿಟ್ಟಿದ್ದು ನೂರಾ ಎಂಬತ್ತರ ಮೇಲೆ. ಒಂದು ಟನ್ ಆಗಲು ಅಂಥ ಐದಾರು ಮರ ಬೇಕು. ನಾಲ್ಕು ಎಕರೆಗೆ ಕೈಗೆ ಬರುವುದು ಚಿಲ್ಲರೆ, ಕಾಗದದಲ್ಲಿ ಕಟ್ಟಿಹಾಕುವುದು ಮೂವತ್ತು ವರ್ಷ. ಸಹಿ ಹಾಕಲಿಲ್ಲ. ಹತ್ತಾರು ರೈತರು ಸೇರಿ ನಾವೇ ಮಾತಾಡಿದರೆ ಬೇರೆ ಲೆಕ್ಕ.

ನನ್ನ ತಕರಾರು ಒಂದೇ. ಗಿಡ ಹವೆಗೆ ನಿಜವಾಗಿ ಕೆಲಸ ಮಾಡಲು ಶುರುಮಾಡುವುದು ಐದನೇ ವರ್ಷದ ಮೇಲೆ. ದುಡ್ಡು ನಿಲ್ಲುವುದು ಮೂರಕ್ಕೆ. ಕಷ್ಟ ಬಂದ ರೈತ ಐದಾರು ವರ್ಷಕ್ಕೇ ಕಡಿದು ಮಾರುತ್ತಾನೆ, ಅವನನ್ನು ಬೈದು ಪ್ರಯೋಜನವಿಲ್ಲ. ಐದನೇ ವರ್ಷಕ್ಕೊಂದು, ಹತ್ತನೇ ವರ್ಷಕ್ಕೊಂದು ಕಂತು ಕೊಡಲಿ, ನಿಂತ ಮರಕ್ಕೆ ನೂರು ನೂರು ರೂಪಾಯಿ ಸಾಕು. ಸದ್ಯಕ್ಕೆ ಪಕ್ಕದ ಎರಡು ಎಕರೆಗೂ ಸಸಿ ಬರೆಸಿದ್ದೇನೆ, ಈ ಸಲವೂ ಹುಬ್ಬೆಗೇ ನೆಡುತ್ತೇನೆ.