ಮುರ್ನೌ ಮೂಕಿ ಚಿತ್ರಕ್ಕೆ ನಮ್ಮ ಹಿಮ್ಮೇಳ: ಉಡುಪಿಯಲ್ಲಿ ಪ್ರದರ್ಶನ ಇಡುವವರಿಗೆ

ಜರ್ಮನಿಯ ನಿರ್ದೇಶಕ ಎಫ್. ಡಬ್ಲ್ಯೂ. ಮುರ್ನೌ ಹುಟ್ಟಿದ್ದು 1888ರ ಡಿಸೆಂಬರ್ 28ರಂದು. ಆ ದಿನವೇ ಅವನ ಮೂಕಿ ಚಿತ್ರವೊಂದನ್ನು ಯಕ್ಷಗಾನದ ಚೆಂಡೆ ಮದ್ದಳೆಯ ಹಿಮ್ಮೇಳದೊಂದಿಗೆ ತೋರಿಸೋಣ ಎಂದು ಯಾರಿಗಾದರೂ ತೋಚುತ್ತದೆ. ಬೇಡ. ಡಿಸೆಂಬರಿನಲ್ಲಿ ಮೇಳಗಳು ತಿರುಗಾಟದಲ್ಲಿರುತ್ತವೆ, ಒಳ್ಳೆಯ ಮದ್ದಳೆಗಾರರು ಮೇ ಕೊನೆಗೆ ತಿರುಗಾಟ ಮುಗಿಯುವ ಪತ್ತನಾಜೆಯವರೆಗೆ ಕೈಗೆ ಸಿಗುವುದು ಕಷ್ಟ. ಜುಲೈಯಲ್ಲಿ ಸಿಗುತ್ತಾರೆ. ಆದರೆ ಆಗ ತೇವಕ್ಕೆ ಚರ್ಮ ಇಳಿಯುತ್ತದೆ, ಶೀಟಿನ ಮಾಡಿನ ಸಭಾಂಗಣವಾದರೆ ಮಳೆಯೇ ಚೆಂಡೆ ಬಾರಿಸುತ್ತದೆ. ನವರಾತ್ರಿ ಕಳೆದು ದೀಪಾವಳಿಗೆ ಮುಂಚಿನ ದಿನಗಳು ಅನುಕೂಲ.

ತೋರಿಸಬೇಕಾದ ಚಿತ್ರ 1922ರ ‘ನೊಸ್ಫೆರಾಟು’. ಬಿಡುಗಡೆಯಾಗಿ ಅರವತ್ತು ವರ್ಷ ಎಂದೋ ದಾಟಿರುವುದರಿಂದ ಚಿತ್ರದ ಹಕ್ಕು ನಮ್ಮಲ್ಲಿ ತೊಡಕಾಗದು. ಆದರೆ ಹೊಸದಾಗಿ ಸೇರಿಸಿದ ಸಂಗೀತದ ಹಕ್ಕು ಬೇರೆಯವರದಿರಬಹುದು. ನಮ್ಮ ಹಿಮ್ಮೇಳ ಇರುವುದರಿಂದ ಆ ಧ್ವನಿಯನ್ನು ಹೇಗೂ ಮುಚ್ಚುತ್ತೇವೆ.

ಮುಖ್ಯವಾದದ್ದು ಪ್ರತಿಯ ಆಯ್ಕೆ. ಹೆಚ್ಚಿನ ಕಾರ್ಯಕ್ರಮಗಳು ಕೆಡುವುದು ಇಲ್ಲೇ. ಆ ಕಾಲದ ಫಿಲ್ಮಿನಲ್ಲಿ ರಾತ್ರಿ ಹೊರಾಂಗಣದ ಚಿತ್ರೀಕರಣ ಬಹಳ ಕಷ್ಟವಿತ್ತು. ಹಗಲಲ್ಲೇ ತೆಗೆದು, ರಾತ್ರಿಯ ದೃಶ್ಯಗಳಿಗೆ ನೀಲಿ, ದೀಪದ ಬೆಳಕಿಗೆ ಹಳದಿ ಬಣ್ಣ ಅದ್ದುತ್ತಿದ್ದರು. ಬಣ್ಣವಿಲ್ಲದ ಕಪ್ಪು ಬಿಳುಪು ಪ್ರತಿ ಹಾಕಿದರೆ, ಬಿಸಿಲು ತಾಗಿದರೆ ಸಾಯಬೇಕಾದ, ರಕ್ತ ಹೀರುವ ಪಿಶಾಚಿ ಓರ್ಲೋಕ್ ಹಾಡಹಗಲೇ ಶವಪೆಟ್ಟಿಗೆ ಹೊತ್ತು ಬೀದಿಯಲ್ಲಿ ನಡೆಯುತ್ತಾನೆ. ಕಥೆಯ ಬುಡವೇ ಕುಸಿದ ಹಾಗೆ. ಎರಡನೆಯದು ವೇಗ. ಸೆಕೆಂಡಿಗೆ 18 ಚೌಕಟ್ಟಿನಂತೆ ಓಡಿದರೆ ಸುಮಾರು 94 ನಿಮಿಷ. ಅದನ್ನೇ 24ರಲ್ಲಿ ಓಡಿಸಿದರೆ 70 ನಿಮಿಷಕ್ಕೆ ಮುಗಿದು, ಪಾತ್ರಗಳೆಲ್ಲ ಬಸ್ಸು ತಪ್ಪಿದವರಂತೆ ಓಡಾಡುತ್ತವೆ. ಆದ್ದರಿಂದ ಡೌನ್‌ಲೋಡ್ ಮಾಡುವ ಮೊದಲು ಬಣ್ಣ, ಅವಧಿ ಎರಡನ್ನೂ ನೋಡಿ.

ಒಂದು ಕಡೆ ಕುದುರೆಗಾಡಿ ವಿಪರೀತ ವೇಗದಲ್ಲಿ ಓಡಿ, ಕಾಡಿನ ಮರಗಳು ಬಿಳಿಯಾಗಿ, ಆಕಾಶ ಕಪ್ಪಾಗಿ ಕಾಣುತ್ತದೆ. ಅದು ಕೆಟ್ಟ ಫೈಲ್ ಅಲ್ಲ, ಮುರ್ನೌ ಬೇಕೆಂದೇ ನೆಗೆಟಿವ್ ಚಿತ್ರ ಬಳಸಿದ್ದು. ಪ್ರೊಜೆಕ್ಟರಿನವರಿಗೆ ಮೊದಲೇ ಹೇಳಿಡದಿದ್ದರೆ ಅಲ್ಲೇ ನಿಲ್ಲಿಸಿಬಿಟ್ಟಾರು.

ಪರದೆ 10 ಅಡಿ ಅಗಲ ಇದ್ದರೆ 3,000 ಲ್ಯೂಮೆನ್ ಪ್ರೊಜೆಕ್ಟರ್ ಸಾಕು, ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿರಬೇಕು ಅಷ್ಟೆ. ಮೂಕಿ ಚಿತ್ರದ ಚೌಕಟ್ಟು 4:3. ಈಗಿನ 16:9 ಪರದೆಯ ಎತ್ತರ ಐದೂವರೆ ಅಡಿ ಚಿಲ್ಲರೆ, ಅದರಲ್ಲಿ ಚಿತ್ರಕ್ಕೆ ಸಿಗುವುದು ಏಳೂವರೆ ಅಡಿ ಅಗಲ. ಎರಡೂ ಬದಿ ಖಾಲಿ ಉಳಿಯಿತೆಂದು ಯಾರೋ ಚಿತ್ರ ಎಳೆದು ತುಂಬಿಸುತ್ತಾರೆ. ಆಗ ಬಡಕಲು ಓರ್ಲೋಕ್ ಉಂಡು ತೇಗಿದವನಂತೆ ಕಾಣುತ್ತಾನೆ.

ಮುರ್ನೌ ಬಗ್ಗೆ ಆರಂಭದ ಮಾತು 12 ನಿಮಿಷ ಮೀರದಿರಲಿ. ಇಸವಿಗಳ ಪಟ್ಟಿ ಓದಬೇಡಿ, ರಂಗದಿಂದ ಪರದೆಗೆ ಬಂದ ದಾರಿಯನ್ನಷ್ಟೇ ಹೇಳಿ. ಅವನ ನಿಜ ಹೆಸರು ಫ್ರೀಡ್ರಿಶ್ ವಿಲ್ಹೆಲ್ಮ್ ಪ್ಲುಂಪೆ. ಮುರ್ನೌ ಎನ್ನುವುದು ಬವೇರಿಯದ ಒಂದು ಊರು. ಕಲಾವಿದರನ್ನು ಊರಿನಿಂದಲೇ ಕರೆಯುವ ನಮ್ಮವರಿಗೆ ಇದು ಥಟ್ಟನೆ ಹಿಡಿಸುತ್ತದೆ. ವಿದ್ಯಾರ್ಥಿ ನಾಟಕವೊಂದರಲ್ಲಿ ಅವನನ್ನು ಕಂಡ ರಂಗನಿರ್ದೇಶಕ ಮ್ಯಾಕ್ಸ್ ರೈನ್‌ಹಾರ್ಟ್ ತನ್ನ ನಟನಾ ಶಾಲೆಗೆ ಕರೆದುಕೊಂಡ. ಮೊದಲ ಮಹಾಯುದ್ಧದಲ್ಲಿ ವಿಮಾನ ಹಾರಿಸುತ್ತಿದ್ದವನು 1917ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಇಳಿದು ಯುದ್ಧ ಮುಗಿಯುವವರೆಗೂ ಅಲ್ಲೇ ಬಂಧಿಯಾದ, ಅಲ್ಲೂ ನಾಟಕ ಆಡಿಸಿದ. ಚಿತ್ರ ಮಾಡಲು ತೊಡಗಿದ್ದು 1919ರಲ್ಲಿ.

ಇಲ್ಲಿ ಮಾತು ನಿಲ್ಲಿಸಿ 1924ರ ‘ದಿ ಲಾಸ್ಟ್ ಲಾಫ್’ನ ಮೊದಲ ಎರಡು ನಿಮಿಷ ತೋರಿಸಿ. ಕ್ಯಾಮೆರಾ ಹೋಟೆಲಿನ ಲಿಫ್ಟ್‌ನಲ್ಲಿ ಇಳಿದು, ಪಡಸಾಲೆ ದಾಟಿ ತಿರುಗುಬಾಗಿಲಿನತ್ತ ಸಾಗುತ್ತದೆ. ಛಾಯಾಗ್ರಾಹಕ ಕಾರ್ಲ್ ಫ್ರಾಯ್ಂಡ್ ಅದಕ್ಕೆ ಸೈಕಲ್ ಬಳಸಿದ್ದ. ನಾಟಕದಲ್ಲಿ ನೋಡುವವನ ಕುರ್ಚಿ ನೆಲಕ್ಕೆ ಅಂಟಿರುತ್ತದೆ, ಮುರ್ನೌ ಆ ಕುರ್ಚಿಯನ್ನೇ ಕಿತ್ತು ನಡೆಸಿದ ಎಂದರೆ ಸಾಕು, ಮತ್ತೆ ವಿವರಣೆ ಬೇಡ. ಮೊದಲ ಆಸ್ಕರ್ ಸಮಾರಂಭದಲ್ಲಿ ಗೆದ್ದ ‘ಸನ್‌ರೈಸ್’ (1927), ಕ್ಯಾಲಿಫೋರ್ನಿಯದ ಕಾರು ಅಪಘಾತದಲ್ಲಿ 1931ರ ಮಾರ್ಚ್ 11ರಂದು 42ರ ಹರೆಯದಲ್ಲೇ ಬಂದ ಸಾವು, ಒಂದು ವಾರದ ಬಳಿಕ ತೆರೆಕಂಡ ‘ಟಾಬೂ’, ಇವೆಲ್ಲ ಪ್ರದರ್ಶನದ ನಂತರ ಹೇಳಲು ಇರಲಿ.

ಇನ್ನು ಹಿಮ್ಮೇಳ. ಯಕ್ಷಗಾನದ ಆಟದಲ್ಲಿ ಹಾಡುವ ಭಾಗವತರ ಕೈಸನ್ನೆ, ಕುಣಿಯುವ ಮುಮ್ಮೇಳದ ಹೆಜ್ಜೆ ಒಂದಕ್ಕೊಂದು ಕಾಯುತ್ತವೆ. ಚಿತ್ರ ಯಾರಿಗೂ ಕಾಯುವುದಿಲ್ಲ. ಬಿಡ್ತಿಗೆ (ಚೆಂಡೆ ಮದ್ದಳೆಯ ಒಂದು ನುಡಿತ) ಮುಗಿಯುವ ಮೊದಲೇ ದೃಶ್ಯ ಬದಲಾದರೆ ಚೆಂಡೆ ಖಾಲಿ ಬೀದಿಗೆ ಬಾರಿಸಿದಂತಾಗುತ್ತದೆ. ಅದಕ್ಕಾಗಿ 94 ನಿಮಿಷವನ್ನು 25ರಿಂದ 30 ತುಂಡು ಮಾಡಿ, ನಿಮಿಷ, ಕಾಣುವ ಗುರುತು, ವಾದ್ಯ ಎಂದು ಮೂರು ಕಲಮಿನಲ್ಲಿ ದೊಡ್ಡಕ್ಷರದಲ್ಲಿ ಬರೆದಿಡಿ. ಚೆಂಡೆ ಇಡೀ ಹೊತ್ತು ಬೇಡ. ಕುದುರೆಗಾಡಿ, ಹಡಗು, ಕೊನೆಯಲ್ಲಿ ಊರವರು ಅಟ್ಟಿಸಿಕೊಂಡು ಹೋಗುವುದು, ಇಷ್ಟಕ್ಕೇ ಮೀಸಲಿಡಿ. ಉಳಿದದ್ದಕ್ಕೆ ಮದ್ದಳೆ ಮತ್ತು ಶ್ರುತಿ.

ಮೆಟ್ಟಿಲ ಮೇಲೆ ನೆರಳು ಏರುವ ದೃಶ್ಯದಲ್ಲಿ ಕೈ ತುರಿಸುವುದು ಸಹಜ, ಆದರೂ ತಡೆಯಬೇಕು. ನೆರಳಿನ ಬೆರಳುಗಳು ಬಾಗಿಲಿಗೆ ಚಾಚುವವರೆಗೆ ಬರೀ ಶ್ರುತಿ. ಆಮೇಲೆ ಅದನ್ನೂ ನಿಲ್ಲಿಸಿ. ನೆರಳಿನ ಕೈ ನಾಯಕಿ ಎಲೆನ್‌ಳ ಎದೆಯ ಮೇಲೆ ಮುಷ್ಟಿ ಬಿಗಿದಾಗ ಮದ್ದಳೆಯ ಎಡಕ್ಕೆ ಒಂದೇ ಪೆಟ್ಟು.

ವಾದಕರು ಪರದೆಯ ಎಡಬದಿ ಕೆಳಗೆ, ಪರದೆಗೆ ಓರೆಯಾಗಿ ಕೂರಲಿ. ಚೆಂಡೆಗೆ ಮೈಕ್ ಕೊಡಬೇಡಿ. ಓದುವ ದೀಪಕ್ಕೆ ಕೆಂಪು ಹಾಳೆ ಸುತ್ತಿ ಕೆಳಮುಖ ಮಾಡಿ, ಇಲ್ಲವಾದರೆ ಪರದೆಯ ಒಂದು ಮೂಲೆ ಬೆಳ್ಳಗಾಗುತ್ತದೆ. ತಾಲೀಮು ಕನಿಷ್ಠ ಮೂರು: ಮೊದಲನೆಯದರಲ್ಲಿ ಬರೀ ನೋಡುವುದು, ಎರಡನೆಯದು ಪಟ್ಟಿ ಹಿಡಿದು, ಮೂರನೆಯದು ಸಭಾಂಗಣದಲ್ಲೇ.

ದೃಶ್ಯಗಳ ನಡುವೆ ಬರುವ ಬರಹದ ಫಲಕಗಳಿಗೆ ಕನ್ನಡ ಬೇಕು. ಸಬ್‌ಟೈಟಲ್ ಆಗಿ ಹಾಕಿದರೆ ಕೆಲವು ಕಂಪ್ಯೂಟರುಗಳಲ್ಲಿ ಒತ್ತಕ್ಷರ ಒಡೆಯುತ್ತದೆ, ಚಿತ್ರದಲ್ಲೇ ಅಚ್ಚಾಗುವಂತೆ ಮಾಡಿಸಿಕೊಳ್ಳುವುದು ಮೇಲು. ಹಳೆಯ ಇಂಗ್ಲಿಷ್ ಪ್ರತಿಗಳಲ್ಲಿ ಓರ್ಲೋಕ್ ಹೋಗಿ ಡ್ರಾಕುಲಾ ಆಗಿರುತ್ತಾನೆ, ಹೆಸರುಗಳು ಕಲಸದಂತೆ ನೋಡಿಕೊಳ್ಳಿ. ಯಾರಾದರೂ ಗಟ್ಟಿಯಾಗಿ ಓದುವುದೂ ಆಗಬಹುದು. ತಾಳಮದ್ದಳೆಯಲ್ಲಿ ಕುಳಿತು ಪಾತ್ರದ ಮಾತಾಡುವ ಅರ್ಥಧಾರಿಗಳನ್ನು ಮಾತ್ರ ಕೂರಿಸಬೇಡಿ. ಫಲಕ ಹತ್ತು ಸೆಕೆಂಡಿಗೆ ಹೋಗುತ್ತದೆ, ಅವರ ಪೀಠಿಕೆಯೇ ಹತ್ತು ನಿಮಿಷ.