ಸೊಂಟ ನೋವಾ? ಬೆರಳಿಟ್ಟು ತೋರಿಸಿ

ನಮ್ಮ ಕಡೆ ಸೊಂಟ ನೋವು ಅಂದರೆ ಬೆನ್ನಿನ ಬುಡವೂ ಹೌದು, ಕುಂಡೆಯೂ ಹೌದು, ತೊಡೆಸಂದೂ ಹೌದು. ಎಡವಟ್ಟಾಗುವುದೇ ಇಲ್ಲಿ. ಮೂಡಿಗೆರೆ ಹತ್ತಿರ ತೋಟ ಇರುವ ನಮ್ಮ ಚಿಕ್ಕಪ್ಪ ಮೆಣಸು ಕೊಯ್ಯೋಕೆ ಏಣಿ ಹತ್ತಲಾಗದೆ ಡಾಕ್ಟರ ಹತ್ತಿರ ಹೋಗಿ 'ಸೊಂಟ ನೋವು' ಅಂದರು, ಅವರು ಬೆನ್ನಿನ ಎಕ್ಸ್‌-ರೇ ತೆಗೆಸಿ, ಸವೆತ ಇದೆ ಅಂತ ಬೆಲ್ಟ್ ಕೊಟ್ಟರು. ಮೂರು ತಿಂಗಳು ಬೆಲ್ಟ್ ಕಟ್ಟಿದ್ದೇ ಬಂತು.

ಹಾಗಾಗಿ ಮೊದಲು ನೋವಿರುವ ಜಾಗಕ್ಕೆ ಬೆರಳಿಟ್ಟು ತೋರಿಸಿ. ಸೊಂಟದ ಕೀಲಿನ, ಅಂದರೆ ತೊಡೆಮೂಳೆ ಸೊಂಟಕ್ಕೆ ಸೇರುವ ಜಾಗದ ನೋವು ಜಾಸ್ತಿ ತೊಡೆಸಂದಿನಲ್ಲಿರುತ್ತದೆ, ಕೆಲವರಿಗೆ ಮಂಡಿಗೂ ಇಳಿಯುತ್ತದೆ. ಚಕ್ಕಳಮಕ್ಕಳ ಹಾಕಿ ಕೂರಲು ಆಗುತ್ತಿಲ್ಲವಾ, ಅದನ್ನೂ ಹೇಳಿ.

ಆಮೇಲೆ ಎಕ್ಸ್‌-ರೇ. ಎರಡೂ ಕೀಲು ಒಂದೇ ಫಿಲ್ಮಿನಲ್ಲಿದ್ದರೆ ಹೋಲಿಸಿ ನೋಡಬಹುದು. ಮಂಡಿ ಮಡಚಿ ಅಗಲಿಸಿ, ಕಪ್ಪೆ ಥರ ಮಲಗಿಸಿ ಇನ್ನೊಂದು ತೆಗೆಯುತ್ತಾರೆ, ಮುಜುಗರ ಬೇಡ. ಬಸುರಿಯಾಗಿದ್ದರೆ ಮೊದಲೇ ಹೇಳಿಬಿಡಿ. ಮನೆಯಲ್ಲಿ ಹಲವರು ಚಿಕ್ಕ ವಯಸ್ಸಿಗೇ ಕುಂಟುತ್ತಿದ್ದರೆ ಅದನ್ನೂ ಮರೆಯಬೇಡಿ. 1970ರ ದಶಕದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಗುರುತಿಸಿದ ಹಂದಿಗೋಡು ಕಾಯಿಲೆ ನಮ್ಮ ಚಿಕ್ಕಮಗಳೂರು ಜಿಲ್ಲೆಯ ಹಳ್ಳಿಗಳಲ್ಲೂ ಇದೆ, ವಂಶದಲ್ಲಿ ಬರುವಂಥದ್ದು, ಹೆಚ್ಚು ಕೆಡಿಸುವುದು ಈ ಕೀಲನ್ನೇ.

ಎಕ್ಸ್‌-ರೇ ನಾರ್ಮಲ್, ಆದರೂ ನೋವು ಬಿಡುತ್ತಿಲ್ಲ ಅಂದರೆ ಎಂಆರ್‌ಐ ಬೇಕಾ ಅಂತ ಕೇಳಿ. ತೊಡೆಮೂಳೆಯ ತುದಿಯ ಚೆಂಡಿಗೆ ರಕ್ತ ಹೋಗದೆ ಮೂಳೆ ಸಾಯುವುದಕ್ಕೆ ಎವಿಎನ್ ಅನ್ನುತ್ತಾರೆ. ಶುರುವಿನಲ್ಲಿ ಅದು ಎಕ್ಸ್‌-ರೇಗೆ ಸಿಗುವುದೇ ಇಲ್ಲ, ಎಂಆರ್‌ಐಗೆ ಸಿಗುತ್ತದೆ, ಕೂದಲೆಳೆಯಂಥ ಬಿರುಕೂ ಅಷ್ಟೇ. ಚೀಟಿ ಓದಿಕೊಳ್ಳಿ: 'ಎಲ್‌ಎಸ್ ಸ್ಪೈನ್' ಅಂತಿದ್ದರೆ ಅದು ಬೆನ್ನಿಂದು, ನಿಮಗೆ ಬೇಕಿರುವುದು 'ಹಿಪ್', ಅಂದರೆ ಸೊಂಟದ ಕೀಲು, ಅದೂ ಎರಡೂ ಕಡೆಯದು, ಯಾಕೆಂದರೆ ಎವಿಎನ್ ಎಷ್ಟೋ ಸಲ ನೋವಿಲ್ಲದ ಕಡೆಯಲ್ಲೂ ಕೂತಿರುತ್ತದೆ. ಪೇಸ್‌ಮೇಕರ್ ಇದ್ದರೆ ಒಳಗೆ ಹೋಗುವ ಮುಂಚೆಯೇ ಹೇಳಿ. ಮಿಷನ್ ಗಡಗಡ ಸದ್ದು ಮಾಡುತ್ತೆ, ಅರ್ಧ ಗಂಟೆಯಾದರೂ ಅಲುಗಾಡದೆ ಮಲಗಬೇಕು.

ಸಿಟಿ ಸ್ಕ್ಯಾನ್ ಎಲ್ಲರಿಗೂ ಬೇಡ. ಹುಡುಗರಿಗೆ ರಾತ್ರಿ ಹೊತ್ತು ಜಾಸ್ತಿಯಾಗಿ, ನೋವಿನ ಮಾತ್ರೆ ನುಂಗಿದ ತಕ್ಷಣ ಇಳಿಯುವ ನೋವಿದ್ದರೆ ಆಸ್ಟಿಯಾಯ್ಡ್ ಆಸ್ಟಿಯೋಮಾ ಅನ್ನುವ ಗಂಟು ಇರಬಹುದು. ಕ್ಯಾನ್ಸರ್ ಅಲ್ಲ, ಕಡಲೆಕಾಳಿನಷ್ಟಿರುತ್ತದೆ, ಸಿಟಿಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಚಿಕ್ಕಪ್ಪನಿಗೆ ಎಂಆರ್‌ಐನಲ್ಲಿ ಸಿಕ್ಕಿದ್ದು ಎವಿಎನ್, ಎರಡೂ ಕಡೆ. ಕುಡಿತದಿಂದಲೂ ಸ್ಟೀರಾಯ್ಡ್‌ನಿಂದಲೂ ಇದು ಬರಬಹುದು. ಕುಡಿಯುತ್ತೀರಾ, ಸ್ಟೀರಾಯ್ಡ್ ತಗೊಂಡಿದ್ದೀರಾ ಅಂತ ಹಾಸನದ ಡಾಕ್ಟರು ಕೇಳಿದಾಗಲೇ ಅವರು ಬಾಯಿಬಿಟ್ಟಿದ್ದು, ಉಬ್ಬಸಕ್ಕೆ ಅಂತ ಮೆಡಿಕಲ್ ಶಾಪಿನಿಂದ ತಾವೇ ತಂದು ವರ್ಷಗಟ್ಟಲೆ ನುಂಗಿದ ಸ್ಟೀರಾಯ್ಡ್ ಮಾತ್ರೆಯ ವಿಷಯ.