ಬಂಡೆ ನೆಲದಲ್ಲಿ ಹೆಲಿಕಾಪ್ಟರ್‌ಗೆ ಇಂಧನ: ನನಗೆ ಕೈಕೊಡದ ಬಾಂಡಿಂಗ್

ಕೋಲಾರ ಸೀಮೆಯ ತಾತ್ಕಾಲಿಕ ಹೆಲಿಪ್ಯಾಡ್‌ನಲ್ಲಿ ಬ್ಯಾರಲ್‌ನಿಂದ ಇಂಧನ ತುಂಬುವಾಗ ಮೊದಲ ತಕರಾರು ಅರ್ಥಿಂಗ್‌ಗೆ ನೆಲಕ್ಕೆ ಹೊಡೆಯುವ ರಾಡ್‌ನದ್ದೇ. ಮೂರಡಿ ರಾಡ್ ಒಂದೂವರೆ ಅಡಿಗೇ ಬಂಡೆ ತಗುಲಿ ನಿಲ್ಲುತ್ತೆ. "ಅರ್ಥಿಂಗ್ ಸರಿಯಿಲ್ಲದೆ ಪಂಪ್ ಹಾಕಬೇಡಿ ಸಾರ್" ಅಂತ ಎಲ್ಲರದೂ ಒಂದೇ ರಾಗ. ಉಪ್ಪು, ಇದ್ದಿಲು ತುಂಬಿದ ಗುಂಡಿಗೆ ಎಂಟೊಂಬತ್ತು ಸಾವಿರ ಹೋಯಿತು. ಬೇಸಿಗೆಯಲ್ಲಿ ನೆಲ ಒಣಗಿದ್ದೇ ತಡ, ರೀಡಿಂಗ್ ಮತ್ತೆ ನೂರಿನ್ನೂರು ಓಂ.

ಇಂಧನ ಹರಿಯುವಾಗ ಹುಟ್ಟುವ ಸ್ಟ್ಯಾಟಿಕ್ ವಿದ್ಯುತ್ತಿಗೆ ಕರೆಂಟಿನ ಪ್ಯಾನಲ್ ಬೋರ್ಡಿನಷ್ಟು ಕಡಿಮೆ ಓಂ ಬೇಕಿಲ್ಲ. ನೆಲಕ್ಕೆ 1 ಮೆಗಾಓಂ ಒಳಗಿದ್ದರೂ ಚಾರ್ಜ್ ಇಳಿದುಹೋಗುತ್ತೆ. ಬ್ಯಾರಲ್, ಪಂಪ್, ಫಿಲ್ಟರ್, ನಾಜಲ್, ಹೆಲಿಕಾಪ್ಟರ್ ಮೈ ವೈರ್‌ನಿಂದ ಒಂದಕ್ಕೊಂದು ಕೂಡಿರಬೇಕು, ಇದೇ ಬಾಂಡಿಂಗ್, ಕಿಡಿ ತಪ್ಪಿಸುವುದು ಅದು. ಆ ಜೋಡಣೆಯಲ್ಲಿ 10 ಓಂ ದಾಟಿದರೆ ನಾನು ವಾಲ್ವ್ ಮುಟ್ಟಲ್ಲ.

ಮೀಟರ್ ಎರಡು ಸಲ ಓಪನ್, ಅಂದರೆ ಜೋಡಣೆಯೇ ಇಲ್ಲ ಅಂತ ತೋರಿಸಿತ್ತು. ಒಮ್ಮೆ ಕ್ಲಿಪ್ ಬ್ಯಾರಲ್‌ನ ಬಣ್ಣದ ಮೇಲೆ ಕೂತಿತ್ತು. ಇನ್ನೊಮ್ಮೆ ಪಿವಿಸಿ ಹೊದಿಕೆಯೊಳಗೆ ತಂತಿ ತುಂಡಾಗಿತ್ತು, ಹೊರಗೆ ಗೀರೂ ಇಲ್ಲ. ಈಗ ಹೊದಿಕೆಯಿಲ್ಲದ ಸ್ಟೀಲ್ ವೈರ್ ರೋಪ್. ಎಳೆ ಬಿಟ್ಟರೆ ಅಂಗೈಗೆ ಚುಚ್ಚಿ ತಾನೇ ಹೇಳುತ್ತೆ. ಬ್ಯಾರಲ್ ಅಂಚಿನ ಬಣ್ಣ ಕೆರೆಯುವುದು ಬಿರಡೆ ತೆಗೆಯುವ ಮೊದಲೇ. ಕ್ಲಿಪ್ಪಿನ ಹಲ್ಲಿಗೆ ನಾನು ಮಾಡಿಕೊಂಡ ಬದಲಾವಣೆಯನ್ನು ಇಲ್ಲಿ ಬರೆಯಲ್ಲ, ಬಂದವರಿಗೆ ಕೈಗೆ ಕೊಟ್ಟು ತೋರಿಸ್ತೀನಿ. ವೈರು, ಕ್ಲಿಪ್ಪು ಎಲ್ಲ ಸೇರಿ ಎರಡೂವರೆ ಸಾವಿರ ದಾಟಿಲ್ಲ.

ಮೊದಲು ಬ್ಯಾರಲ್‌ನಿಂದ ಪಂಪ್‌ಗೆ, ಪಂಪ್‌ನಿಂದ ಹೆಲಿಕಾಪ್ಟರ್‌ಗೆ. ಆಮೇಲೆ ನಾಜಲ್‌ನ ಗಿಡ್ಡ ವೈರ್ ಫಿಲ್ಲರ್ (ಹೆಲಿಕಾಪ್ಟರ್ ಟ್ಯಾಂಕಿನ ಬಾಯಿ) ಪಕ್ಕದ ಜಾಕ್‌ಗೆ. ಅದಾದ ಮೇಲಷ್ಟೇ ಕ್ಯಾಪ್. ಮುಗಿದಾಗ ಕ್ಯಾಪ್ ಮುಚ್ಚಿಯೇ ವೈರ್ ಬಿಚ್ಚುವುದು. ಇದು ಹಿಂದುಮುಂದಾದರೆ ಕಿಡಿ ಹಾರುವ ಜಾಗ ಆವಿ ಇರುವ ಬಾಯಲ್ಲೇ.

ಬಾಂಡಿಂಗ್ ಪಕ್ಕಾ ಇದ್ದರೂ ಇಂಧನದೊಳಗಿನ ಚಾರ್ಜ್ ತಕ್ಷಣ ಹೋಗಲ್ಲ. ಅದು ಹೆಚ್ಚು ಹುಟ್ಟುವುದು ಫಿಲ್ಟರ್‌ನಲ್ಲಿ. ಆದ್ದರಿಂದ ಫಿಲ್ಟರ್ ದಾಟಿದ ಮೇಲೆ ಹೋಸ್ ಉದ್ದ ಬಿಡ್ತೀನಿ, ನಾಜಲ್ ತುದಿ ಮುಳುಗುವ ತನಕ ನಿಧಾನ, ಸೆಕೆಂಡಿಗೆ ಒಂದು ಮೀಟರ್ ಮೀರದ ಹಾಗೆ. ಪ್ಲಾಸ್ಟಿಕ್ ಆಲಿಕೆ ಹತ್ತಿರಕ್ಕೂ ಬರಬಾರದು.

"ಸೀಮೆಎಣ್ಣೆ ಥರದ್ದು, ಹತ್ತಿಕೊಳ್ಳಲ್ಲ ಬಿಡಿ" ಅಂತಾರೆ. ನಾವು ತುಂಬುವ ಜೆಟ್ ಎ-1 ಇಂಧನದ ಫ್ಲ್ಯಾಶ್ ಪಾಯಿಂಟ್, ಅಂದರೆ ಕಿಡಿ ಬಿದ್ದರೆ ಆವಿ ಹತ್ತಿಕೊಳ್ಳುವ ಬಿಸಿ, ಕನಿಷ್ಠ 38 ಡಿಗ್ರಿ. ಏಪ್ರಿಲ್ ಬಿಸಿಲಿಗೆ ಬಿಟ್ಟ ಬ್ಯಾರಲ್ ಅದನ್ನು ದಾಟುತ್ತೆ. ನೆರಳು, ಮೇಲೆ ಒದ್ದೆ ಗೋಣಿ, ಇಷ್ಟು ಮಾಡಿದರೆ ಕೈಯಿಟ್ಟು ನೋಡಬಹುದಾದಷ್ಟು ತಂಪು.

ಪಾಲಿಯೆಸ್ಟರ್ ಜಾಕೆಟ್ ಕಳಚಿ ಹರಿದ ಪೇಪರ್ ಚೂರಿನ ಮೇಲೆ ಹಿಡಿದು ನೋಡಿದೆ. ಒಣಗಾಳಿಯ ಜನವರಿ ಬೆಳಗ್ಗೆ ಚೂರುಗಳು ಜಿಗಿದು ಅಂಟಿಕೊಂಡವು, ಮಳೆಗಾಲದಲ್ಲಿ ಅಲುಗಲೂ ಇಲ್ಲ. ಅಂದಿನಿಂದ ಹುಡುಗರಿಗೆ ಹತ್ತಿ ಬಟ್ಟೆಯೇ. ರಾಡ್ ಈಗಲೂ ಹೊಡೀತೀನಿ, ಬುಡಕ್ಕೆ ಒಂದು ಬಿಂದಿಗೆ ನೀರು. ಗುಡುಗು ಕೇಳಿಸಿತೋ, ಪಂಪ್ ಬಂದ್.